ಇಳಿದ ಕೂಡಲೆ ಮಾತಾಡು

ಹೊತ್ತು ತಿಳಿಯುವುದಕ್ಕೆ ಗಡಿಯಾರ ಬೇಕೆಂದು ತಾಂಡವಪುರದ ಆ ಮನೆಯ ಹಿರಿಯಾಕೆಗೆ ಎಂದೂ ಅನ್ನಿಸಿದ್ದಿಲ್ಲ. ಮೈಸೂರಿನಿಂದ ನಂಜನಗೂಡಿಗೆ ರೈಲುದಾರಿ ಬಿದ್ದದ್ದು ೧೮೯೧ರಲ್ಲಿ. ಅದು ಚಾಮರಾಜನಗರದವರೆಗೆ ಬೆಳೆದದ್ದು ೧೯೨೬ರಲ್ಲಿ. ಆಕೆ ಹುಟ್ಟಿದ್ದು ೧೯೩೩ರಲ್ಲಿ. ಹೀಗಾಗಿ ಹುಟ್ಟಿದಂದಿನಿಂದಲೂ ರೈಲಿನ ಕೂಗು ಆಕೆಯ ಕಿವಿಯಲ್ಲಿದೆ. ಬೆಳಗಿನ ಗಾಡಿ ಕೂಗಿದರೆ ಒಲೆ ಹಚ್ಚುವುದು, ಸಂಜೆಯ ಗಾಡಿ ಕೂಗಿದರೆ ದೀಪ ಹಚ್ಚುವುದು. ಗಾಡಿ ತಡವಾದ ದಿನ ಮನೆಯ ದೀಪವೂ ತಡ. ಊರಿನ ಬದಿಯಲ್ಲಿ ಕೈಗಾರಿಕಾ ಪ್ರದೇಶ ಎದ್ದು, ಕಾರ್ಖಾನೆಗಳ ಸೈರನ್ನು ಪಾಳಿಪಾಳಿಗೆ ಕೂಗತೊಡಗಿದ ಮೇಲೂ ಆಕೆ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. "ಅದು ಸಂಬಳದೋರಿಗೆ ಕೂಗೋದು, ನಮಗಲ್ಲ" ಎನ್ನುವಳು.

ಅಂಥ ತಾಯಿಯನ್ನು ಬಿಟ್ಟು ೨೦೧೯ರ ಮೇ ತಿಂಗಳಲ್ಲಿ ಹಿರಿಯ ಮಗ ಅಮೆರಿಕಕ್ಕೆ ಹೊರಟರು. ಅವರು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟರು, ವಯಸ್ಸು ಅರವತ್ತನಾಲ್ಕು. ಟೆಕ್ಸಾಸ್ ಸಂಸ್ಥಾನದ ಡಲ್ಲಾಸ್ ನಗರದಲ್ಲಿದ್ದ ಮಗಳಿಗೆ ಬಾಣಂತನ. ಹೆಂಡತಿ ಹೋಗಲೇಬೇಕು, ಹೆಂಡತಿ ಹೋದರೆ ಇವರೂ ಹೋಗಲೇಬೇಕು. ಊರಿನ ಮನೆಯಲ್ಲಿ ತಮ್ಮನೂ ತಮ್ಮನ ಹೆಂಡತಿಯೂ ಪಿಯುಸಿ ಓದುವ ಅವರ ಮಗನೂ ಇದ್ದುದರಿಂದ ಅವ್ವನ ಚಿಂತೆ ಇರಲಿಲ್ಲವೆಂದು ಎಲ್ಲರೂ ಹೇಳಿದರು. ಎಲ್ಲರೂ ಹೇಳಿದರೆಂದರೆ ಚಿಂತೆ ಇದ್ದಿತೆಂದೇ ಅರ್ಥ.

ಹೊರಡುವ ದಿನ ಅವ್ವ ಬಾಗಿಲಿನವರೆಗೆ ಬಂದು, ಮಗನ ತಲೆಯ ಮೇಲೆ ಕೈಯಿಟ್ಟು, ಹೇಳಿದ್ದು ಒಂದೇ ಮಾತು: "ಇಳಿದ ಕೂಡಲೆ ಮಾತಾಡು ಮಗ."

ಎಷ್ಟು ಸಣ್ಣ ಬೇಡಿಕೆ! ಆದರೆ ಐವತ್ತು ವರ್ಷದ ಹಿಂದೆ ಯಾವ ತಾಯಿಯೂ ಹೀಗೆ ಕೇಳುತ್ತಿರಲಿಲ್ಲ. ೧೯೬೪ರಲ್ಲಿ ಇದೇ ಅವ್ವನ ತಮ್ಮ ಎಂಜಿನಿಯರಿಂಗ್ ಓದಿಗೆಂದು ಇಂಗ್ಲೆಂಡಿಗೆ ಹೋದಾಗ ಆಕೆ ಹೇಳಿದ್ದು "ಪುರಸೊತ್ತಾದಾಗ ಒಂದು ಕಾಗದ ಬರಿ" ಎಂದು ಮಾತ್ರ. ಎಂಟು ಹತ್ತು ದಿನ ಹಾರಿ ನೀಲಿ ಬಣ್ಣದ ಏರೋಗ್ರಾಂ ಬರುತ್ತಿತ್ತು. ಕಾಗದವೂ ಅದೇ, ಲಕೋಟೆಯೂ ಅದೇ; ಒಳಗೆ ಮತ್ತೊಂದು ಚೀಟಿ ಇಡುವ ಹಾಗಿಲ್ಲ; ಬರೆಯುವುದೆಲ್ಲ ಆ ಮೂರು ಮಡಿಕೆಯೊಳಗೆ ಮುಗಿಯಬೇಕು. ಆದ್ದರಿಂದ ಅಕ್ಷರ ಇರುವೆಯ ಸಾಲಿನಂತೆ ಸಣ್ಣದಾಗಿ, ಅಂಚಿನ ತುದಿಯವರೆಗೂ ಹರಿದಿರುತ್ತಿತ್ತು. ಅವ್ವನಿಗೆ ಓದು ಬಾರದು. ಒಂಬತ್ತು ವರ್ಷದ ಹುಡುಗ, ಮುಂದೆ ಮೇಷ್ಟರಾದವನು, ಕಂಬಕ್ಕೆ ಒರಗಿ ಗಟ್ಟಿಯಾಗಿ ಓದುವನು; ಆಕೆ ಅಕ್ಕಿ ಆರಿಸುತ್ತ ಕೇಳುವಳು. "ಹಿಮ" ಎಂಬ ಮಾತು ಬಂದಾಗ ಹುಡುಗನಿಗೂ ಅದು ಏನೆಂದು ತಿಳಿಯದು. ಇಬ್ಬರೂ ಸುಮ್ಮನಾಗಿ ಮುಂದಿನ ಸಾಲಿಗೆ ಹೋಗುವರು. ತಿಂಗಳು ಎರಡು ತಿಂಗಳು ಕಾಗದ ಬಾರದಿದ್ದರೂ ಮನೆಯಲ್ಲಿ ಯಾರೂ ಗಾಬರಿಯಾದದ್ದಿಲ್ಲ. ಓದಿನ ಗಲಾಟೆ ಇರಬೇಕು ಎಂದುಕೊಳ್ಳುವರು, ಅಷ್ಟೇ.

ಆಮೇಲೆ ಟ್ರಂಕ್ ಕಾಲ್ ಬಂದಿತು, ಹಳದಿ ಫಲಕದ ಎಸ್‌ಟಿಡಿ ಅಂಗಡಿಗಳು ಬಂದವು. ರಾತ್ರಿ ಹನ್ನೊಂದರ ಮೇಲೆ ದರ ಕಾಲು ಪಾಲಿಗೆ ಇಳಿಯುತ್ತದೆಂದು ಜನ ನಿದ್ದೆಗೆಟ್ಟು ಸಾಲುನಿಂತ ಕಾಲವೂ ಆಯಿತು. ೧೯೯೫ರ ಆಗಸ್ಟ್ ೧೫ರಂದು ಇಂಟರ್‌ನೆಟ್ಟು ನಮ್ಮ ದೇಶದ ಸಾರ್ವಜನಿಕರಿಗೆ ದೊರೆಯಿತು. ೨೦೧೩ರ ಜುಲೈನಲ್ಲಿ ತಂತಿ ನಿಂತಿತು. ಇದೆಲ್ಲ ಓದುಗರಿಗೆ ತಿಳಿದದ್ದೇ. ತಿಳಿಯದೆ ನಡೆದುಹೋದ ಸಂಗತಿ ಮತ್ತೊಂದು: ಸುದ್ದಿ ಬರುವ ವೇಗ ಹೆಚ್ಚಿದಷ್ಟೂ ಕಾಯುವ ಶಕ್ತಿ ಕುಗ್ಗುತ್ತ ಬಂದಿತು. ಎರಡು ತಿಂಗಳು ತಡೆದುಕೊಂಡಿದ್ದ ಅದೇ ಅವ್ವ ಈಗ ಎರಡು ಗಂಟೆ ತಡೆಯಲಾರಳು.

ಮೇಷ್ಟರು ಸಿದ್ಧತೆಯಲ್ಲಿ ಕಡಿಮೆ ಮಾಡಿದ್ದರೆಂದಲ್ಲ. ಅಳಿಯ ಹೇಳಿಕೊಟ್ಟಂತೆ ಹೊಸ ಸ್ಮಾರ್ಟ್ ಫೋನು ಕೊಂಡರು. ಅದರಲ್ಲಿ ವಾಟ್ಸ್‌ಆ್ಯಪ್ ಹಾಕಿಸಿದರು. ಅಲ್ಲಿನ ಪ್ಲಗ್ಗಿಗೆ ನಮ್ಮ ದುಂಡು ಕಡ್ಡಿಗಳು ಹೋಗವೆಂದು ಮೈಸೂರಿನ ಅಂಗಡಿಯಿಂದ ಚಪ್ಪಟೆ ಕಡ್ಡಿಯ ಅಡಾಪ್ಟರು ತಂದರು. ಪವರ್ ಬ್ಯಾಂಕೂ ಆಯಿತು. ಆದರೆ ಅವರ ಹೃದಯವೆಲ್ಲ ಇದ್ದದ್ದು ಹಳೆಯ ಗುಂಡಿ ಫೋನಿನಲ್ಲಿ. ಹತ್ತು ವರ್ಷದ ಒಡನಾಡಿ. ಪಿಂಚಣಿ ಬರುವ ಬ್ಯಾಂಕಿಗೆ ಕೊಟ್ಟ ಸಂಖ್ಯೆ ಅದರಲ್ಲಿದ್ದ ಸಿಮ್ಮಿನದು. "ಎಲ್ಲ ಕೆಟ್ಟರೂ ಇದು ಕೆಡುವುದಿಲ್ಲ" ಎಂದು ಅದನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟರು. ಪಕ್ಕದಲ್ಲಿ ಓದುವುದಕ್ಕೆಂದು 'ಅಮೆರಿಕಾದಲ್ಲಿ ಗೊರೂರು'. ೧೯೮೦ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕವನ್ನು ಅಮೆರಿಕದಲ್ಲಿಯೇ ಕುಳಿತು ಮತ್ತೊಮ್ಮೆ ಓದಬೇಕೆಂಬುದು ಅವರ ಹಳೆಯ ಆಸೆ.

ಮೈಸೂರಿನಿಂದ ಫ್ಲೈಬಸ್ಸಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಸೇರಿದರು. ದೊಡ್ಡ ಪೆಟ್ಟಿಗೆ ಒಳಗೆ ಹೋದ ಅರ್ಧ ಗಂಟೆಗೆ ಅವರ ಹೆಸರು ಹಿಡಿದು ಕರೆ ಬಂದಿತು. ಪೆಟ್ಟಿಗೆ ತೆರೆದು, ಹುಣಿಸೆತೊಕ್ಕಿನ ಡಬ್ಬಿಗಳ ಅಡಿಯಿಂದ ಪವರ್ ಬ್ಯಾಂಕನ್ನು ಹೊರತೆಗೆಯಬೇಕಾಯಿತು. ಲಿಥಿಯಂ ಬ್ಯಾಟರಿ ಬಿಸಿಯಾಗಿ ಹೊತ್ತಿಕೊಂಡರೆ ವಿಮಾನದ ಹೊಟ್ಟೆಯೊಳಗೆ ನೋಡುವವರು ಯಾರೂ ಇಲ್ಲ. ಕೈಚೀಲದಲ್ಲಿದ್ದರೆ ಯಾರಾದರೂ ನೋಡಿಯಾರು ಎಂಬುದು ನಿಯಮದ ತಿರುಳು. ಅಧಿಕಾರಿ ಒಳ್ಳೆಯ ಮಾತಿನಲ್ಲಿಯೇ ಹೇಳಿದರು. ಮೇಷ್ಟರಿಗೆ ಮಾತ್ರ ಪರೀಕ್ಷಾ ಕೊಠಡಿಯಲ್ಲಿ ಚೀಟಿಯೊಂದಿಗೆ ಸಿಕ್ಕಿಬಿದ್ದ ಹುಡುಗನ ಮುಖವಾಯಿತು.

ದುಬೈಯಲ್ಲಿ ಇಳಿದಾಗ ಅಲ್ಲಿ ಬೆಳಗಿನ ಆರೂವರೆ, ತಾಂಡವಪುರದಲ್ಲಿ ಎಂಟು. ನಿಲ್ದಾಣದ ಉಚಿತ ವೈಫೈ ಸಿಕ್ಕಿತು. ಮೇಷ್ಟರು ಉತ್ಸಾಹದಿಂದ ವಾಟ್ಸ್‌ಆ್ಯಪ್ ತೆರೆದು ತಮ್ಮನ ಮಗನ ಸಂಖ್ಯೆ ಒತ್ತಿದರು. ಹೋಗಲಿಲ್ಲ. ಮತ್ತೆ ಒತ್ತಿದರು. ಇಲ್ಲ. ಹತ್ತು ಸಲ ಒತ್ತಿದರು. ಗುಂಡಿ ಫೋನಿಗೆ ಹೊರದೇಶದ ರೋಮಿಂಗ್ ಮಾಡಿಸಬೇಕೆಂಬುದು ಅವರಿಗೆ ತಿಳಿದೇ ಇರಲಿಲ್ಲ. ಅದು ಮಿಣಮಿಣ ಎಂದು ಸುಮ್ಮನಾಯಿತು. ಅಷ್ಟರಲ್ಲಿ ಹುಡುಗನಿಂದ ಸಂದೇಶ ಬಂದಿತು: "ದೊಡ್ಡಪ್ಪ, ಇಳಿದ್ರಾ? ಅಜ್ಜಿ ಆರು ಗಂಟೆಯಿಂದ ಫೋನು ತೊಡೆ ಮೇಲೆ ಇಟ್ಕೊಂಡು ಕೂತಿದ್ದಾರೆ. ಕಾಪಿ ಕುಡಿದಿಲ್ಲ." ಮೇಷ್ಟರು ಉತ್ತರ ಬರೆದರು. ಹುಡುಗ ಓದಿ ಹೇಳಿದ. ಅವ್ವ ಒಪ್ಪಲಿಲ್ಲ. "ನೀನು ನಿಂತಲ್ಲೇ ಕಟ್ಟಿ ಹೇಳ್ತಿದ್ದೀಯ. ಅವನ ಗಂಟಲು ಕೇಳಿಸು" ಎಂದಳಂತೆ.

ಹೆಂಡತಿಗೂ ಅಳು ಬರುವಂತಾಯಿತು. "ಏನೂಂದ್ರೆ, ಅಕ್ಷರ ಹೋಗತ್ತೆ, ಮಾತು ಯಾಕೆ ಹೋಗಲ್ಲ?" ಎಂದು ಕೇಳಿದರು. ಪಕ್ಕದಲ್ಲಿ ನೆಲ ಒರೆಸುವ ಯಂತ್ರವನ್ನು ನಿಲ್ಲಿಸಿ ಒಬ್ಬ ಯುವಕ ಹತ್ತಿರ ಬಂದ. ಕನ್ನಡ ಕಿವಿಗೆ ಬಿದ್ದಿತ್ತು. ಉಡುಪಿಯ ಕಡೆಯವನು.

"ಎಂತ ಆಯ್ತು ಸರ್? ಇಲ್ಲಿ ಆ ಕರೆ ಹೋಗುದಿಲ್ಲ. ಸರಕಾರದ್ದೇ ತಡೆ. ನೀವು ಈ ಮೈಕಿನ ಗುರ್ತನ್ನು ಒತ್ತಿ ಹಿಡಿದುಕೊಂಡು ಮಾತಾಡಿ, ಬಿಟ್ಟರೆ ಹೋಗ್ತದೆ. ನಾನು ಅಮ್ಮನಿಗೆ ದಿನಾ ಹಾಗೇ ಕಳಿಸುದು."

ಅವನು ಹೇಳಿದ್ದು ನಿಜ. ಪರವಾನಗಿ ಇಲ್ಲದ ಆ್ಯಪ್‌ಗಳ ಮೂಲಕ ಅಂತರ್ಜಾಲದಲ್ಲಿ ದೂರವಾಣಿ ಕರೆ ಮಾಡುವುದನ್ನು ಸಂಯುಕ್ತ ಅರಬ್ ಸಂಸ್ಥಾನಗಳು ಆಗ ತಡೆದಿದ್ದವು. ಬರೆದ ಸಂದೇಶಕ್ಕೂ ದನಿಮುದ್ರಿಕೆಗೂ ತಡೆ ಇರಲಿಲ್ಲ. ಮೇಷ್ಟರು ಒತ್ತಿ ಹಿಡಿದು, ಮೂವತ್ತು ವರ್ಷ ತರಗತಿಯ ಹಿಂದಿನ ಬೆಂಚಿಗೆ ಕೇಳಿಸುವಂತೆ ಮಾತಾಡಿದ ಅದೇ ದನಿಯಲ್ಲಿ "ಅವ್ವಾ, ಇಳಿದೆ! ಕಾಪಿ ಕುಡಿ!" ಎಂದರು. ಸುತ್ತಲಿನ ನಾಲ್ಕಾರು ದೇಶದವರು ತಿರುಗಿ ನೋಡಿದರು. ತಾಂಡವಪುರದಲ್ಲಿ ಅವ್ವ ಅದನ್ನು ಕೇಳಿ, "ಇನ್ನೊಂದ್ಸಲ ಹಾಕ್ಲಾ ಮಗ" ಎಂದು ಮೊಮ್ಮಗನಿಂದ ಐದು ಸಲ ಹಾಕಿಸಿ, ಆಮೇಲೆ ಕಾಪಿ ಕುಡಿದಳು. ೧೯೬೪ರ ಕಾಗದಕ್ಕೆ ಓದುವವನೊಬ್ಬ ಬೇಕಾಗಿದ್ದ. ಇದಕ್ಕೆ ಅವನೂ ಬೇಕಾಗಲಿಲ್ಲ.

ಡಲ್ಲಾಸ್‌ನಲ್ಲಿ ಎರಡು ಯಂತ್ರಗಳು ಒಂದೇ ದಿನ ಕೈಕೊಟ್ಟವು. ಮೊದಲನೆಯದು, ಹೆಂಡತಿ ಮಗಳಿಗೆಂದು ಹೊತ್ತು ತಂದ ಮಿಕ್ಸಿ. ನಮ್ಮ ೨೩೦ ವೋಲ್ಟಿನ ಮಿಕ್ಸಿಗೆ ಅಲ್ಲಿನ ೧೨೦ ವೋಲ್ಟು ಯಾತಕ್ಕೂ ಸಾಲದೆ, ಅದು ಕಾಯಿ ರುಬ್ಬುವ ಬದಲು ನರಳಿತು. ಫೋನಿನ ಚಾರ್ಜರಿನ ಬೆನ್ನಿನ ಮೇಲೆ ೧೦೦ರಿಂದ ೨೪೦ ಎಂದು ಸಣ್ಣಕ್ಷರದಲ್ಲಿ ಬರೆದಿದ್ದುದರಿಂದ ಅದು ಬದುಕಿತು. ಎರಡನೆಯದು ಗುಂಡಿ ಫೋನು. ಅದರ ಪರದೆಯ ಮೂಲೆಯಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಅದು ೯೦೦ ಮತ್ತು ೧೮೦೦ ಮೆಗಾಹರ್ಟ್ಸ್ ಅಲೆಗಳನ್ನು ಮಾತ್ರ ಬಲ್ಲ ಹಳೆಯ ಸಾಧನ. ಅಮೆರಿಕದವರು ಆ ಜಾತಿಯ ಫೋನುಗಳಿಗೆ ಬಳಸುತ್ತಿದ್ದದ್ದು ೮೫೦ ಮತ್ತು ೧೯೦೦. ಅಲ್ಲಿನ ದೊಡ್ಡ ಕಂಪನಿಯೊಂದು ೨೦೧೭ರಲ್ಲಿಯೇ ಎರಡನೆಯ ತಲೆಮಾರಿನ ಜಾಲವನ್ನೇ ಮುಚ್ಚಿತ್ತು. ಮೇಷ್ಟರ ಒಡನಾಡಿ ಆ ನೆಲದಲ್ಲಿ ಮೂಗ, ಕಿವುಡ. ಅಳಿಯ ಅಲ್ಲಿಯದೊಂದು ಸಿಮ್ಮನ್ನು ಹೊಸ ಫೋನಿಗೆ ಹಾಕಿಕೊಟ್ಟ. ವಾಟ್ಸ್‌ಆ್ಯಪ್ ಕರೆ ಸರಾಗವಾಗಿ ಹೋಗತೊಡಗಿತು. ಗುಂಡಿ ಫೋನು ಮೇಜಿನ ಖಾನೆ ಸೇರಿತು. ಅದರ ಜತೆಗೆ ಆ ಸಿಮ್ಮೂ ಸೇರಿತೆಂಬುದನ್ನು ಯಾರೂ ಗಮನಿಸಲಿಲ್ಲ.

ದಿನವೂ ತಾಂಡವಪುರದ ರಾತ್ರಿ ಎಂಟಕ್ಕೆ, ಎಂದರೆ ಡಲ್ಲಾಸ್‌ನ ಬೆಳಗ್ಗೆ ಒಂಬತ್ತೂವರೆಗೆ, ಮುಖ ನೋಡಿಕೊಂಡು ಮಾತು. ಅವ್ವನಿಗೆ ಮರಿಮೊಮ್ಮಗಳನ್ನು ನೋಡುವ ಆಸೆಗಿಂತ ಕಿಟಕಿಯ ಬೆಳಕು ನೋಡುವ ಆಶ್ಚರ್ಯ ದೊಡ್ಡದು. "ನಮ್ಮ ಹೊತ್ತೇ ಅಲ್ಲಿಗೆ ಬಂದಿದ್ದಾ?" ಎಂದು ಕೇಳುವಳು. ಪ್ರಶ್ನೆ ತಪ್ಪಲ್ಲ.

ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಳು. ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದ, ಮೈಸೂರು ರಸ್ತೆಯ ಮೇಲೆ ನೀರು ಹರಿಯುತ್ತಿದ್ದ ಚಿತ್ರಗಳು ಊರಿನವರು ನೋಡುವುದಕ್ಕೆ ಮೊದಲೇ ಡಲ್ಲಾಸ್‌ಗೆ ಬಂದವು. ಅದೇ ಹೊತ್ತಿಗೆ ತಾಂಡವಪುರದಲ್ಲಿ ಕರೆಂಟು ಹೋಗಿ ತಮ್ಮನ ಮನೆಯ ಫೋನು ಒಂದೂವರೆ ದಿನ ಸತ್ತಿತ್ತು. ಆ ಒಂದೂವರೆ ದಿನ ಮೇಷ್ಟರು ಊಟದ ತಟ್ಟೆಯ ಮುಂದೆ ಕುಳಿತು ಎದ್ದುಹೋದರು. ಕೊನೆಗೆ ಕರೆ ಸಿಕ್ಕಾಗ ತಮ್ಮ ನಗುತ್ತ, "ಅಣ್ಣಯ್ಯ, ಇಲ್ಲಿ ಮಳೆ ಅಷ್ಟೇ. ನೀರು ಇಲ್ಲೀಗೆ ಎಲ್ಲಿ ಬರತ್ತೆ?" ಎಂದ. ಊರಿನಲ್ಲಿದ್ದವನಿಗೆ ಇಲ್ಲದ ಭಯವನ್ನು ಸಾವಿರಾರು ಮೈಲಿಯಾಚೆ ಇದ್ದವರು ಅನುಭವಿಸಿಯಾಗಿತ್ತು.

ನಿಜವಾದ ಕಷ್ಟ ಬಂದದ್ದು ಸೆಪ್ಟೆಂಬರಿನಲ್ಲಿ. ಅದಕ್ಕೆ ಯಾವ ಚಿತ್ರವೂ ಮುನ್ಸೂಚನೆ ಕೊಡಲಿಲ್ಲ. ಒಂದು ಬೆಳಗಿನ ಜಾವ ಅವ್ವ ಬಚ್ಚಲಮನೆಯಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಡಲ್ಲಾಸ್‌ನಲ್ಲಿ ಹಿಂದಿನ ದಿನದ ರಾತ್ರಿ; ಕರೆ ಬಂದಾಗ ಮೇಷ್ಟರು ಮೊಮ್ಮಗಳನ್ನು ತೂಗುತ್ತಿದ್ದರು. ಮೈಸೂರಿನ ಆಸ್ಪತ್ರೆಯಲ್ಲಿ ಮರುದಿನವೇ ಶಸ್ತ್ರಚಿಕಿತ್ಸೆ, ಮುಂಗಡವಾಗಿ ೬೦,೦೦೦ ರೂಪಾಯಿ ಕಟ್ಟಬೇಕು ಎಂದ ತಮ್ಮ. "ಚಿಂತೆ ಮಾಡಬೇಡ. ಹತ್ತು ನಿಮಿಷದಲ್ಲಿ ಕಳಿಸುತ್ತೇನೆ" ಎಂದರು ಅಣ್ಣ.

ಮಗಳ ಕಂಪ್ಯೂಟರಿನಲ್ಲಿ ಬ್ಯಾಂಕಿನ ಖಾತೆ ತೆರೆಯಿತು. ದುಡ್ಡು ಇದ್ದಿತು, ಕಣ್ಣೆದುರಿಗೇ ಇದ್ದಿತು. ತಮ್ಮನ ಖಾತೆಯ ಸಂಖ್ಯೆ ಬರೆದು ಒತ್ತಿದ ಕೂಡಲೆ ಪರದೆ ಹೇಳಿತು: ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ. ಯಾವ ಮೊಬೈಲು? ಖಾನೆಯಲ್ಲಿ ಕರವಸ್ತ್ರ ಹೊದ್ದು ಮಲಗಿದ್ದ ಆ ಮೊಬೈಲು. ಅಳಿಯ ಓಡಿಹೋಗಿ ಸಿಮ್ಮನ್ನು ತೆಗೆದು ತನ್ನ ಮತ್ತೊಂದು ಫೋನಿಗೆ ಹಾಕಿದ. ಫೋನು ಅಲೆಯನ್ನು ಕಂಡಿತು, ಆದರೆ ಬಾಗಿಲು ತೆರೆಯಲಿಲ್ಲ. ರೋಮಿಂಗ್ ಮಾಡಿಸಿಯೇ ಇರಲಿಲ್ಲವಲ್ಲ! ಕಂಪನಿಯ ಸಹಾಯವಾಣಿಗೆ ಅಮೆರಿಕದಿಂದ ಕರೆ ಮಾಡಿ, ನಲವತ್ತು ನಿಮಿಷ ಸಂಗೀತ ಕೇಳಿದ ಮೇಲೆ ದೊರೆತ ಉತ್ತರ, ಆ ಕೋರಿಕೆ ಅದೇ ಸಂಖ್ಯೆಯಿಂದಲೇ ಬರಬೇಕು ಎಂಬುದು. ಬಾವಿಗೆ ಬಿದ್ದವನು ಮೇಲೆ ಬಂದು ಹಗ್ಗ ಕೇಳಬೇಕಂತೆ.

ನ್ಯಾಯವಾಗಿ ನೋಡಿದರೆ ಈ ಎರಡನೆಯ ಬೀಗ ಜನರ ಹಿತಕ್ಕಾಗಿಯೇ ಬಂದದ್ದು. ಕಾರ್ಡಿನಿಂದ ಜಾಲದಲ್ಲಿ ಹಣ ಕೊಡುವಾಗ ಇನ್ನೊಂದು ಪುರಾವೆ ಇರಲೇಬೇಕೆಂದು ರಿಸರ್ವ್ ಬ್ಯಾಂಕು ೨೦೦೯ರ ಆಗಸ್ಟ್‌ನಿಂದ ಕಡ್ಡಾಯ ಮಾಡಿತು. ಅದರಿಂದ ಎಷ್ಟೋ ಸಂಸಾರಗಳ ಹಣ ಉಳಿದಿರಬೇಕು. ಆದರೆ ಆ ರಾತ್ರಿ ಮೇಷ್ಟರಿಗೆ ನ್ಯಾಯ ನೋಡುವ ತಾಳ್ಮೆ ಎಲ್ಲಿಯದು? ಮೂರು ಸಲ ಪ್ರಯತ್ನಿಸಿದ ಮೇಲೆ ಖಾತೆಯೇ ಮುಚ್ಚಿಕೊಂಡಿತು. ಅಳಿಯ ತನ್ನ ಖಾತೆಯಿಂದ ರವಾನಿಸಿದ ಹಣ ಮೈಸೂರು ಮುಟ್ಟಿದ್ದು ಮೂರನೆಯ ದಿನ. ಅಷ್ಟರಲ್ಲಿ ಶಸ್ತ್ರಚಿಕಿತ್ಸೆ ನಡೆದುಹೋಗಿತ್ತು. "ಮುಂಗಡಕ್ಕೆ ಏನು ಮಾಡಿದೆ?" ಎಂದು ಕೇಳಿದ್ದಕ್ಕೆ ತಮ್ಮ, "ಸೊಸೈಟಿಯಲ್ಲಿ ಆಯ್ತು ಅಣ್ಣಯ್ಯ, ನೀನು ಅದನ್ನ ಬಿಡು" ಎಂದ. ಮಿಕ್ಕ ಬಿಲ್ಲಿಗೆ ಅಳಿಯನ ಹಣ ಸರಿಹೋಯಿತು. ಇನ್ನಷ್ಟು ಕಳಿಸುತ್ತೇವೆಂದರೆ ಬೇಡವೆಂದ.

ಅಲ್ಲಿಂದ ಎರಡು ತಿಂಗಳು ದಿನವೂ ವೀಡಿಯೋ ಕರೆ. ಅವ್ವ ಮಂಚದ ಮೇಲೆ, ಆಮೇಲೆ ಕುರ್ಚಿಯಲ್ಲಿ, ಆಮೇಲೆ ವಾಕರ್ ಹಿಡಿದು ಎರಡು ಹೆಜ್ಜೆ. ಮೇಷ್ಟರು ಎಲ್ಲವನ್ನೂ ಕಣ್ಣಾರೆ ಕಂಡೆವೆಂದುಕೊಂಡರು. ಒಂದು ದಿನ ಹೆಂಡತಿ ಮಾತ್ರ, "ನಮ್ಮ ಓರಗಿತ್ತಿ ಯಾಕೆ ಯಾವಾಗಲೂ ಕತ್ತಿನ ಸುತ್ತ ಸೆರಗು ಹೊದ್ದುಕೊಂಡೇ ಇರ್ತಾಳೆ?" ಎಂದರು. "ಚಳಿ ಇರಬೇಕು" ಎಂದರು ಮೇಷ್ಟರು. ಸೆಪ್ಟೆಂಬರಿನ ತಾಂಡವಪುರದಲ್ಲಿ ಚಳಿ!

ನವೆಂಬರ್ ೩ರಂದು ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಒಂಬತ್ತೂವರೆಯ ಕರೆ ಎಂಟೂವರೆಗೆ ಬಂದಿತು. "ಒಂದು ಗಂಟೆ ಎತ್ಲಾಗ್ ಹೋಯ್ತು ಮಗ?" ಎಂದು ಅವ್ವ ಕೇಳಿದ್ದಕ್ಕೆ ಮೇಷ್ಟರು ಸೂರ್ಯ, ಭೂಮಿ, ಕಾನೂನು ಎಲ್ಲವನ್ನೂ ವಿವರಿಸಿದರು. ಅವ್ವ ಸಮಾಧಾನವಾಗಿ ಕೇಳಿ, "ನಮ್ಮ ರೈಲೂ ಹಂಗೇಯಾ" ಎಂದಳು.

ಆ ತಿಂಗಳ ನಡುವೆ ಊರಿಗೆ ಮರಳಿದರು. ಬಾಗಿಲಲ್ಲಿ ಆರತಿ ಹಿಡಿದು ನಿಂತ ತಮ್ಮನ ಹೆಂಡತಿಯ ಕೊರಳಲ್ಲಿ ಚಿನ್ನದ ಸರವಿರಲಿಲ್ಲ. ಅರಿಸಿನದ ದಾರದಲ್ಲಿ ಮಾಂಗಲ್ಯವಿತ್ತು. ಆ ಬೆಳಗ್ಗೆ ಆರತಿ ಹಿಡಿದ ಕೈಗೆ ಸೆರಗು ಸರಿಪಡಿಸಿಕೊಳ್ಳಲು ಬಿಡುವಿರಲಿಲ್ಲ. ಸರ ನಂಜನಗೂಡಿನ ಗಿರವಿ ಅಂಗಡಿಯಲ್ಲಿತ್ತು. ಸೊಸೈಟಿ ಎಂದದ್ದು ಅದನ್ನೇ. ಮೇಷ್ಟರು ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ಮೊದಲು ಬ್ಯಾಂಕಿಗೆ ಹೋದರು, ಅಲ್ಲಿಂದ ನಂಜನಗೂಡಿಗೆ. ಮಧ್ಯಾಹ್ನದ ಹೊತ್ತಿಗೆ ಸರ ಮನೆಗೆ ಬಂದಿತು. ಅದನ್ನು ಕೊಡುವಾಗ ಏನಾದರೂ ಹೇಳಬೇಕೆಂದಿದ್ದರು. ಕನ್ನಡ ಮೇಷ್ಟರಿಗೆ ಮಾತು ಹೊರಡಲಿಲ್ಲ. "ಊಟಕ್ಕೆ ಏಳಿ ಭಾವ, ಆರಿಹೋಗತ್ತೆ" ಎಂದಳು ಆಕೆ.

೨೦೨೩ರಲ್ಲಿ ಎರಡನೆಯ ಸಲ ಡಲ್ಲಾಸ್‌ಗೆ ಹೊರಟಾಗ ಸಿದ್ಧತೆಯ ಕ್ರಮವೇ ಬೇರೆ. ಪಿಂಚಣಿಯ ಖಾತೆಗಲ್ಲದೆ ಮತ್ತೊಂದು ಖಾತೆ ತೆರೆದು, ಅದಕ್ಕೆ ತಮ್ಮನನ್ನೂ ಸೇರಿಸಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದೆಂದು ಬರೆಸಿದರು; ಇದಕ್ಕೆ ಫೋನಿನ ಹಂಗೇ ಇಲ್ಲ. ಆಮೇಲೆ ಫೋನು. ಬ್ಯಾಂಕಿನ ಸಂಖ್ಯೆಯ ಸಿಮ್ಮು ಸ್ಮಾರ್ಟ್ ಫೋನಿಗೇ ಬಂದಿತು. ಊರು ಬಿಡುವ ಮೊದಲೇ ಅದಕ್ಕೆ ರೋಮಿಂಗ್ ಮಾಡಿಸಿದ್ದಾಯಿತು. ಅದರ ಡೇಟಾ ಮಾತ್ರ ಮುಚ್ಚಿ, ಓಟಿಪಿಗಷ್ಟೇ ಕಿವಿ ತೆರೆದಿಟ್ಟರು. ಅಲ್ಲಿನ ಸಂಪರ್ಕಕ್ಕೆ ಈ ಸಲ ಸಿಮ್ಮಿನ ಚೂರೂ ಬೇಕಾಗಲಿಲ್ಲ; ಇ-ಸಿಮ್ ಎಂಬುದು ಫೋನಿನೊಳಗೇ ಇದ್ದು, ಒಂದು ಚೌಕಳಿ ಚಿತ್ರವನ್ನು ಕ್ಯಾಮೆರಾಕ್ಕೆ ತೋರಿಸಿದರೆ ಎಚ್ಚರಗೊಂಡಿತು. ಪವರ್ ಬ್ಯಾಂಕು ಕೈಚೀಲದಲ್ಲಿ. ಗುಂಡಿ ಫೋನು ಊರಿನ ಗೂಡಿನಲ್ಲಿ. ಮಿಕ್ಸಿಯನ್ನು ಯಾರೂ ಹೊರಲಿಲ್ಲ.

ಅವ್ವನಿಗೆ ಆಗ ತೊಂಬತ್ತು. ಕಿವಿ ಮಂದವಾಗಿ ಕರೆಯ ಮಾತು ಸರಿಯಾಗಿ ಕೇಳದು. ಆದ್ದರಿಂದ ಆಕೆ ದನಿಮುದ್ರಿಕೆಯನ್ನೇ ಹಿಡಿದಳು. ಅದನ್ನು ಕಿವಿಗೆ ಒತ್ತಿಕೊಂಡು ಎಷ್ಟು ಸಲ ಬೇಕಾದರೂ ಕೇಳಬಹುದು. ಮೊಮ್ಮಗ ಓದಿಗೆ ಹೊರಗೆ ಹೋದ ಮೇಲೆ ತಾನೇ ಕಳಿಸುವುದನ್ನೂ ಕಲಿತಳು. ಒಂದೇ ತೊಂದರೆಯೆಂದರೆ, ಬೆರಳು ಬಹಳ ಹೊತ್ತು ಒತ್ತಿ ಹಿಡಿಯಲಾರದು. ಮಾತು ತುಂಡುತುಂಡಾಗಿ ಬರುತ್ತಿತ್ತು. "ಮಗ, ನಿನ್ನೆ ಮಳೆ" ಎಂದು ಒಂದು. "ಬಂದು ಕಣದ ತಾವ" ಎಂದು ಮತ್ತೊಂದು. ಹೀಗೆ ಹತ್ತು ಹನ್ನೆರಡು ಚೂರುಗಳನ್ನು ಜೋಡಿಸಿದರೆ ಒಂದು ದಿನದ ಸುದ್ದಿ. ಮೇಷ್ಟರು ಹಳೆಗನ್ನಡದ ಪದ್ಯಕ್ಕೆ ಅನ್ವಯ ಹಾಕುವಂತೆ ಕುಳಿತು ಜೋಡಿಸುವರು.

ಜುಲೈ ತಿಂಗಳ ಒಂದು ಬೆಳಗ್ಗೆ ಬಂದ ಚೂರಿನಲ್ಲಿ ಅವ್ವನ ದನಿಯೇ ಇರಲಿಲ್ಲ. ಬೆರಳು ತಪ್ಪಿ ಒತ್ತಿರಬೇಕು. ಕೊಟ್ಟಿಗೆಯ ಕಡೆ ಯಾವುದೋ ಪಾತ್ರೆಯ ಸದ್ದು, ತಮ್ಮನ ಹೆಂಡತಿ ಯಾರನ್ನೋ ಕರೆಯುವುದು, ಅದರ ಹಿಂದೆ ಉದ್ದವಾಗಿ ಒಂದು ರೈಲಿನ ಕೂಗು. ಮೇಷ್ಟರು ಮತ್ತೆ ಹಾಕಿದರು. ಹೆಂಡತಿ ಅಡಿಗೆಮನೆಯಿಂದ ಬಂದು ನಿಂತರು. ಗೋಡೆಯ ಗಡಿಯಾರದಲ್ಲಿ ಎಂಟು ಗಂಟೆ. ಮೇಷ್ಟರು ಬೆರಳು ಮಡಿಸಿ ಹತ್ತೂವರೆ ಗಂಟೆ ಕೂಡಿಸಿದರು.

"ಆರೂವರೆ. ಇದು ಮೈಸೂರಿಗೆ ಹೋಗೋದೋ ಚಾಮರಾಜನಗರಕ್ಕೆ ಹೋಗೋದೋ?"

"ಅವ್ವನ್ನೇ ಕೇಳಿ" ಎಂದರು ಹೆಂಡತಿ.

ಒತ್ತಿ ಹಿಡಿದು ಕೇಳಿದರು. ಉತ್ತರ ಬರುವುದಕ್ಕೆ ಕಾಲು ಗಂಟೆ ಹಿಡಿಯಿತು.

"ಅಷ್ಟೂ ಗೊತ್ತಾಗಲ್ವಾ ಮಗ? ಅದು ಚಾಮರಾಜನಗರದ್ದು. ಇವತ್ತು ತಡವಾಗಿ..."

ಅಲ್ಲಿಗೆ ಬೆರಳು ಎದ್ದಿತ್ತು. ಮುಂದಿನ ಚೂರಿಗಾಗಿ ಇಬ್ಬರೂ ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡು ಕುಳಿತರು.